ಅಯ್ಯನವರ ಪಾಲಿನ ಹಣ್ಣು

ನಾನು ಉಣ್ಣದೆ ನಲವತ್ತು ಮನೆಗಳಲ್ಲಿ ಯಾರೂ ಉಣ್ಣುವುದಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಒಂದು ಕಾಲದಲ್ಲಿ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ. ನಾವು ಜಂಗಮರು. ಅಪ್ಪನಿಗೆ ನಡೆದುಕೊಳ್ಳುತ್ತಿದ್ದ ಭಕ್ತರ ಮನೆಗಳು ಅಪ್ಪ ಹೋದ ಮೇಲೆ ನನಗೆ ಬಂದವು. ಹೆಚ್ಚಿನವು ನಾನಿರುವ ಶಹಾಪುರದಲ್ಲೇ, ಕೆಲವು ಸುರಪುರದಲ್ಲಿ. ಶ್ರಾವಣ ಸೋಮವಾರ, ಕಾರ್ತಿಕ ಸೋಮವಾರ, ಹೊಸ ಮನೆಯ ಪ್ರವೇಶ, ಏನೇ ಇರಲಿ, ಅಯ್ಯನವರು ಬರಬೇಕು, ಪಾದ ತೊಳೆಸಿಕೊಳ್ಳಬೇಕು, ಪೂಜೆ ಮಾಡಬೇಕು, ಮೊದಲು ಉಣ್ಣಬೇಕು. ಅಲ್ಲಿಯವರೆಗೆ ಮನೆಮಂದಿಯೆಲ್ಲ ಉಪವಾಸ. ಸಣ್ಣ ಮಕ್ಕಳು ಅಡುಗೆಮನೆಯ ಬಾಗಿಲಿಗೆ ಆತುಕೊಂಡು ನನ್ನ ಬಾಯಿಯನ್ನೇ ನೋಡುತ್ತ ನಿಂತಿರುತ್ತವೆ. ತಟ್ಟೆಗೆ ಬಿದ್ದದ್ದು ಪ್ರಸಾದ, ಒಂದಗುಳೂ ಬಿಡುವಂತಿಲ್ಲ, ತಟ್ಟೆ ತೊಳೆದ ನೀರನ್ನೂ ಕುಡಿಯಬೇಕು. ಆ ಮಕ್ಕಳಿಗೆ ಕಣ್ಣು ಕೆಂಪಗೆ ಮಾಡಿ ಈ ಪಾಠ ಕಲಿಸಿದವನೂ ನಾನೇ.

ಇಂಥ ನನಗೆ ಎಂಟು ವರ್ಷದ ಹಿಂದೆ ಶುಗರ್ ಬಂತು. ಮೊದಲು ಹೋಳಿಗೆ ಬಿಟ್ಟೆ, ಆಮೇಲೆ ಗೋಧಿ ಹುಗ್ಗಿ ಬಿಟ್ಟೆ. ಹುಗ್ಗಿ ಬಿಡುವಾಗ ನಿಜವಾಗಿ ಅಳು ಬಂದಿತ್ತು. ಆದರೆ ನನಗಿಂತ ಹೆಚ್ಚು ಅತ್ತವರು ಭಕ್ತರ ಮನೆಯ ಹೆಣ್ಣುಮಕ್ಕಳು. ಸಿಹಿ ಇಲ್ಲದ ತಟ್ಟೆಯನ್ನು ಅಯ್ಯನವರ ಮುಂದೆ ಹೇಗೆ ಇಡುವುದು? ಶಹಾಪುರದ ಒಂದು ಮನೆಯಲ್ಲಿ ಆ ತಾಯಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುವುದನ್ನು ನೋಡಲಾರದೆ, "ಸಿಹಿ ಬ್ಯಾಡವ್ವಾ, ಬೇಕಾದ್ರ ಹಣ್ಣು ಇಡು. ಹಣ್ಣು ಗಿಡದಾಗ ಬೆಳದದ್ದು, ಅದರಿಂದ ಏನಾಗತದ?" ಎಂದುಬಿಟ್ಟೆ. ಬಾಯಿ ಸುಮ್ಮನಿರಬೇಕಿತ್ತು. ವಾರ ತುಂಬುವುದರೊಳಗೆ ನಲವತ್ತು ಮನೆಗಳಿಗೂ ಸುದ್ದಿ ಮುಟ್ಟಿತು: ಅಯ್ಯನವರಿಗೆ ಹಣ್ಣು ನಡೆಯುತ್ತದೆ.

ಆಮೇಲೆ ಶುರುವಾಯಿತು ನೋಡಿ! ಎರಡು ಬಾಳೆಹಣ್ಣಿಗಿಂತ ಕಡಿಮೆ ಇಡುವ ಮನೆಯಿಲ್ಲ, ಒಂಟಿ ಹಣ್ಣು ಕೊಡುವುದು ನಮ್ಮಲ್ಲಿ ಪದ್ಧತಿಯಲ್ಲ. ಅದರ ಪಕ್ಕ ಎರಡು ಚಿಕ್ಕು, ಒಂದು ಸೇಬು, ಕಾಲ ಬಂದರೆ ದ್ರಾಕ್ಷಿ, ಸೀತಾಫಲ. ಭಕ್ತಿ ಇನ್ನೂ ಹೆಚ್ಚಿದ್ದ ಮನೆಯಲ್ಲಿ ಬಾಳೆಹಣ್ಣು ಕಿವುಚಿ ಹಾಲು, ಬೆಲ್ಲ ಹಾಕಿದ ಶೀಕರಣಿ. ಕೇಳಿದರೆ ಅದೂ ಹಣ್ಣೇ ಅಂತೆ. ಒಂದು ಮನೆಯ ಸೊಸೆ ಮೋಸಂಬಿ ರಸವನ್ನು ದೊಡ್ಡ ಸ್ಟೀಲ್ ಲೋಟದಲ್ಲಿ ತಂದು, "ಒಂದು ಚೂರೂ ಸಕ್ರಿ ಹಾಕಿಲ್ರಿ ಸ್ವಾಮೇರ, ದೇವರಾಣಿ" ಎನ್ನುತ್ತಿದ್ದಳು. ಐದಾರು ಮೋಸಂಬಿ ಹಿಂಡಿದ ಮೇಲೆ ಸಕ್ಕರೆ ಬೇರೆ ಯಾಕೆ ಬೇಕು? ಶ್ರಾವಣ ಸೋಮವಾರ ನಾಲ್ಕು ಮನೆ ಮುಗಿಸಿ ಬಂದರೆ ನಾಲಿಗೆ ಒಣಗಿ, ಕಣ್ಣು ಮಂಜಾಗಿ, ತಾಸಿಗೊಮ್ಮೆ ಬಚ್ಚಲಿಗೆ ಓಡುತ್ತಿದ್ದೆ.

"ಹಣ್ಣಿನ ಬಂಡೀನ ನುಂಗಿ ಬಂದ್ರೇನು?" ಎನ್ನುತ್ತಿದ್ದಳು ನನ್ನ ಹೆಂಡತಿ. "ಮಂತ್ರ ಹೇಳಾಕ ಅಷ್ಟು ದೊಡ್ಡ ಬಾಯಿ ಅದ, ಬ್ಯಾಡ ಅನ್ನಾಕ ಬಾಯಿ ಇಲ್ಲ?"

"ನಾ ಉಣ್ಣಲಿಲ್ಲಂದ್ರ ಅವರು ಉಪಾಸ ಬೀಳ್ತಾರ. ನಿನಗ ತಿಳ್ಯಂಗಿಲ್ಲ, ಸುಮ್ನಿರು" ಎಂದು ನಾನು ಗದರುತ್ತಿದ್ದೆ. ಅವಳಿಗೆ ಎಲ್ಲವೂ ತಿಳಿಯುತ್ತಿತ್ತು. ತಿಳಿಯದಿದ್ದವನು ನಾನು.

ಹೋದ ವರ್ಷದ ಶ್ರಾವಣದ ಮೊದಲ ಸೋಮವಾರ ಸುರಪುರದಲ್ಲಿ ನಡೆದದ್ದನ್ನು ಹೇಳಬೇಕು. ಅಲ್ಲಿ ಗುಡ್ಡದ ಬದಿಯ ಏರು ಓಣಿಯಲ್ಲಿ ಒಬ್ಬ ಮುದುಕಿಯ ಮನೆಯಿದೆ. ಎಂಬತ್ತರ ಮೇಲೆ ವಯಸ್ಸು. ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆ. ಆದರೂ ನನ್ನ ಪಾದ ತೊಳೆಯುವ ಕೆಲಸವನ್ನು ಆಕೆ ಯಾರಿಗೂ ಬಿಟ್ಟುಕೊಟ್ಟವಳಲ್ಲ. ಸೋಮವಾರ ನಾನು ಉಣ್ಣುವವರೆಗೆ ಆಕೆ ಹನಿ ನೀರನ್ನೂ ಕುಡಿಯುವುದಿಲ್ಲ. ನನ್ನ ಅಪ್ಪನ ಕಾಲದಿಂದ ನಡೆಸಿಕೊಂಡು ಬಂದ ನೇಮ. ನಾನು ಚಡ್ಡಿ ಹಾಕಿಕೊಂಡು ಅಪ್ಪನ ಹಿಂದೆ ಬರುತ್ತಿದ್ದಾಗ ಮೂಗು ಒರೆಸಿ ಬೆಲ್ಲ ಕೊಟ್ಟಿದ್ದವಳೂ ಆಕೆಯೇ. ಈಗ ಅದೇ ಕೈಯಿಂದ ನನ್ನ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾಳೆ.

ಆ ದಿನ ಮಣೆಯ ಮೇಲೆ ಕುಳಿತು ಪಾದವನ್ನು ಅಗಲ ಬಾಯಿಯ ಪರಾತದಲ್ಲಿ ಇಟ್ಟೆ. ಆಕೆ ತಂಬಿಗೆಯಿಂದ ನೀರು ಹಾಕುತ್ತ ಬಲಗಾಲಿನ ಬೆರಳುಗಳನ್ನು ತಿಕ್ಕುತ್ತಿದ್ದವಳು ತಟ್ಟನೆ ಕೈ ತೆಗೆದಳು. ನೀರು ಕೆಂಪಾಗಿತ್ತು. ಹೆಬ್ಬೆರಳ ಪಕ್ಕದ ಬೆರಳಿನ ಬುಡದಲ್ಲಿ ಒಂದು ಜಾಲಿ ಮುಳ್ಳು ಚಪ್ಪಲಿಯನ್ನು ತೂರಿಕೊಂಡು ಬಂದು ಮಾಂಸದಲ್ಲಿ ಮುರಿದು ಕೂತಿತ್ತು. ಎಲ್ಲಿ ನಟ್ಟಿತ್ತೋ, ಶಿವನೇ ಬಲ್ಲ. ಸುರಪುರದ ಬಸ್ ಸ್ಟ್ಯಾಂಡಿನಿಂದ ಆ ಓಣಿಯ ಮೆಟ್ಟಿಲವರೆಗಾದರೂ ಅದರ ಮೇಲೆಯೇ ನಡೆದು ಬಂದಿದ್ದೆ. ಆಕೆ ಉಗುರಿನಿಂದ ಹಿಡಿದು ಎಳೆದಳು. ಬೆರಳ ತುದಿಯಷ್ಟು ಉದ್ದದ ಮುಳ್ಳು. ನನಗೆ ಏನೂ ಆಗಲಿಲ್ಲ. ನೋವಿಲ್ಲ, ಉರಿಯಿಲ್ಲ, ಯಾರದೋ ಕಾಲಿನಿಂದ ಕಿತ್ತ ಹಾಗೆ.

ಮುದುಕಿ ಮುಳ್ಳನ್ನು ನೋಡಿದಳು, ನನ್ನ ಮುಖವನ್ನು ನೋಡಿದಳು. ಕೈ ಮುಗಿದಳು.

"ಇಷ್ಟುದ್ದ ಮುಳ್ಳು ನಟ್ಟದ, ಹಾಂ ಅನ್ಲಿಲ್ಲ, ಹ್ಞೂಂ ಅನ್ಲಿಲ್ಲ! ನೋಡ್ರೇ, ಸ್ವಾಮೇರಿಗೆ ಮೈಯಾಗಿನ ಆಸಿ ಹೋಗ್ಯಾದ. ಎಂಥಾ ತಪಸ್ಸು ಇದ್ದೀತು!"

ಸೊಸೆ ಬಂದು ಅಡ್ಡಬಿದ್ದಳು. ಮೊಮ್ಮಕ್ಕಳು ಬಂದು ಅಡ್ಡಬಿದ್ದರು. ಆಕೆ ಆ ಕೆಂಪು ನೀರನ್ನು ಚೆಲ್ಲದೆ ಬೆರಳು ಅದ್ದಿ ಕಣ್ಣಿಗೆ ಹಚ್ಚಿಕೊಂಡಳು. ನಾನು ಏನು ಮಾಡಿದೆ? ಕಣ್ಣು ಅರ್ಧ ಮುಚ್ಚಿ, ಕೈ ಎತ್ತಿ ಆಶೀರ್ವಾದ ಮಾಡಿದೆ. ಕಾಲಿನ ಜೀವ ಹೋಗಿದೆ ಎಂದು ಒಳಗೆ ಹೆದರಿಕೆ, ಹೊರಗೆ ಮುಗುಳ್ನಗೆ. ಆಮೇಲೆ ಅವರು ಇಟ್ಟ ಎರಡು ಬಾಳೆಹಣ್ಣು, ಎರಡು ಚಿಕ್ಕು, ಒಂದು ಬಟ್ಟಲು ಶೀಕರಣಿ, ಎಲ್ಲವನ್ನೂ ತಿಂದು ತಟ್ಟೆ ತೊಳೆದು ಕುಡಿದೆ. ಥೂ ನನ್ನ ಜನ್ಮಕ್ಕೆ!

ಸುದ್ದಿ ಹಣ್ಣಿನ ಸುದ್ದಿಗಿಂತ ಬೇಗ ಹರಡಿತು. ಎರಡನೆಯ ಸೋಮವಾರ ಹೋದ ಮನೆಯಲ್ಲೆಲ್ಲ ಪಕ್ಕದ ಮನೆಯವರೂ ಬಂದು ಕೂತಿದ್ದರು. ಎಲ್ಲರಿಗೂ ಆ ಕಾಲನ್ನು ಮುಟ್ಟುವ ಆಸೆ. ಬರುವವರು ಬರಿಗೈಯಲ್ಲಿ ಬರುತ್ತಾರೆಯೇ? ಡಜನ್ ಡಜನ್ ಬಾಳೆಹಣ್ಣು. ಅಷ್ಟರಲ್ಲಿ ಬೆರಳು ಊದಿ, ಬುಡ ಕಪ್ಪಾಗಿ, ವಾಸನೆ ಬರತೊಡಗಿತ್ತು. ಪ್ರತಿದಿನ ಬಿಸಿನೀರು ಮಾಡಿ, ಹತ್ತಿ ಹಿಡಿದು ಕೀವು ಒರೆಸುತ್ತಿದ್ದವಳು ಹೆಂಡತಿ.

"ಮಂದಿಗೆ ಪಾದ, ನನಗ ಗಾಯ" ಎಂದಳು ಒಂದು ದಿನ. ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಹೆದರಿಕೆಯಾಯಿತು. ಮರುದಿನ ಬಸ್ ಹತ್ತಿಸಿ, ಭೀಮಾ ಹೊಳೆ ದಾಟಿಸಿ, ಯಾದಗಿರಿಯ ದವಾಖಾನೆಗೆ ಕರೆದುಕೊಂಡು ಹೋದಳು.

ಡಾಕ್ಟರು ಮೈಸೂರು ಕಡೆಯ ಹೆಣ್ಣುಮಗಳು. ಕಾಲು ನೋಡಿದರು, ರಕ್ತ ನೋಡಿದರು, ಮುಖ ಗಂಟು ಹಾಕಿಕೊಂಡರು. ಏನು ತಿನ್ನುತ್ತೀರಿ ಎಂದು ಕೇಳಿದರು. ಎರಡು ಜೋಳದ ರೊಟ್ಟಿ, ಪಲ್ಲೆ, ಬೇಳೆ, ಮಜ್ಜಿಗೆ ಎಂದೆ. ಹಣ್ಣು?

"ಹಣ್ಣು ತಿನ್ನಂಗಿಲ್ರಿ."

ಸುಳ್ಳು ಹೇಳಬೇಕೆಂದು ಹೇಳಲಿಲ್ಲ. ಪ್ರಸಾದವನ್ನು ತಿನ್ನುವ ಲೆಕ್ಕಕ್ಕೆ ಹಿಡಿಯಬೇಕೆಂದು ನನಗೆ ಹೊಳೆಯಲೇ ಇಲ್ಲ. ಹೆಂಡತಿ ಕುರ್ಚಿಯಲ್ಲಿ ನೆಟ್ಟಗೆ ಕೂತಳು. "ಅವರು ತಿನ್ನಂಗಿಲ್ರಿ ಮೇಡಂ, ಅವರಿಗೆ ತಿನಿಸ್ತಾರ" ಎಂದು ಒಂದೊಂದೇ ಮನೆಯ ಒಂದೊಂದೇ ಹಣ್ಣನ್ನು ಹೇಳುತ್ತ ಹೋದಳು. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಪೆನ್ನು ಕೆಳಗಿಟ್ಟರು.

"ಸ್ವಾಮಿಗಳೇ, ಹಣ್ಣು ತಿನ್ನಲೇಬಾರದು ಅಂತ ನಾನು ಯಾರಿಗೂ ಹೇಳಲ್ಲ. ಒಂದು ಸಲಕ್ಕೆ ಒಂದು ಹಿಡಿಯಷ್ಟು. ಸೀಬೆಹಣ್ಣಾದರೆ ಅರ್ಧ, ಸೇಬಾದರೆ ಸಣ್ಣದೊಂದು. ಕಚ್ಚಿ ತಿನ್ನಿ, ಹಿಂಡಿ ಕುಡಿಯಬೇಡಿ. ಕಳಿತ ಬಾಳೆಹಣ್ಣು, ಸಪೋಟ ಸದ್ಯಕ್ಕೆ ಬೇಡ. ನೀವು ಮಾಡ್ತಾ ಇರೋದು ಹಣ್ಣು ತಿನ್ನೋದಲ್ಲ, ಗಾಯಕ್ಕೆ ಸಕ್ಕರೆ ಸುರಿಯೋದು." ಆಮೇಲೆ ದನಿ ತಗ್ಗಿಸಿದರು. "ಸಕ್ಕರೆ ಇಳಿದರೆ ಬೆರಳು ಉಳಿಯಬಹುದು. ಇಳಿಯದಿದ್ದರೆ ಬೆರಳು ತೆಗೆಯಬೇಕಾಗುತ್ತೆ. ಅಲ್ಲಿಗೂ ನಿಲ್ಲದಿದ್ದರೆ ಪಾದ."

ಪಾದ! ನಲವತ್ತು ಮನೆಗಳಲ್ಲಿ ನಾನೆಂದರೆ ಆ ಎರಡು ಪಾದವೇ. ಬರುವಾಗ ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ.

ಶಹಾಪುರದ ಬಸ್ ಸ್ಟ್ಯಾಂಡಿನ ಎದುರು ಹಣ್ಣಿನ ಬಂಡಿ ಇಟ್ಟುಕೊಂಡಿರುವ ಸಾಹೇಬರೊಬ್ಬರಿದ್ದಾರೆ. ಅವರಿಗೂ ಶುಗರ್. ನಾನು ಕುಂಟುತ್ತ ಇಳಿದದ್ದನ್ನು ನೋಡಿ ಸ್ಟೂಲು ಎಳೆದು ಕೂರಿಸಿದರು. ಹೆಂಡತಿ ಔಷಧಿ ಅಂಗಡಿಗೆ ಹೋದ ಹೊತ್ತಿನಲ್ಲಿ ಅವರ ಮುಂದೆ ಎಲ್ಲ ಹೇಳಿಕೊಂಡೆ. ಹೆಂಡತಿಯ ಮುಂದೆ ಹೇಳಲಾಗದ್ದನ್ನೂ, ನನಗೆ ಹೆದರಿಕೆಯಾಗಿದೆ ಎಂಬುದನ್ನೂ ಹೇಳಿದೆ.

"ಅರೆ ಸ್ವಾಮೇರ, ನನ್ನ ನೋಡ್ರಿ" ಎಂದರು. "ದಿನಾ ಹಣ್ಣಿನ ನಡುವ ನಿಂದರ್ತೀನಿ. ರಂಜಾನ್‌ದಾಗ ರೋಜಾ ಬಿಡೋ ಹೊತ್ತಿನಾಗ ಮನಿ ಮಂದಿ ಎಲ್ಲಾ ಖಜೂರ ಮುಂದ ಮಾಡ್ತಾರ. ಒಂದೇ ಒಂದು ತಗೋತೀನಿ, ಬಸ್. ಯಾರು ಏನರ ಅನ್ಲಿ." ಆಮೇಲೆ ಬಂಡಿಯಿಂದ, ಡಾಕ್ಟರು ಸೀಬೆ ಅಂದಿದ್ದರಲ್ಲ, ಆ ಪೇರಲದಲ್ಲಿ ಒಂದು ದೋರಗಾಯಿ ಆರಿಸಿ ನನ್ನ ಕೈಗಿಟ್ಟರು. "ಇದನ್ನ ನಿಮ್ಮ ಜೋಳಗಿಯಾಗ ಇಟ್ಕೊಳ್ರಿ. ಹೋದ ಮನ್ಯಾಗ ಇದರದೇ ಒಂದು ಹೋಳು ಕೊಯ್ದು ಕೊಡಂತ ಹೇಳ್ರಿ. ನಾಲ್ಕು ಮನಿ, ನಾಲ್ಕು ಹೋಳು, ಒಂದು ಹಣ್ಣು. ಅವರದೂ ಆತು, ನಿಮ್ಮದೂ ಆತು."

ನನಗೆ ಅವರ ಕಾಲಿಗೆ ಬೀಳಬೇಕೆನಿಸಿತು. ಇಷ್ಟು ಸುಲಭದ ಉಪಾಯ ನಮ್ಮ ತಲೆಗೇಕೆ ಹೊಳೆಯಲಿಲ್ಲ!

ಮೂರನೆಯ ಸೋಮವಾರ ಶಹಾಪುರದ ಎರಡು ಮನೆಗಳಲ್ಲಿ ಉಪಾಯ ನಡೆಯಿತು. ಮುಖ ಸಣ್ಣದು ಮಾಡಿಕೊಂಡರು, ಆದರೂ ಕೊಯ್ದು ಕೊಟ್ಟರು. ಸುರಪುರದಲ್ಲಿ ಮುದುಕಿಗೆ ಗಾಯ ಕಾಣಿಸಬಾರದೆಂದು ಎಡಗಾಲನ್ನಷ್ಟೇ ಪರಾತಕ್ಕೆ ಇಟ್ಟೆ. ಪೂಜೆ ಮುಗಿದ ಮೇಲೆ ಜೋಳಿಗೆಯಿಂದ ಪೇರಲದ ಉಳಿದ ಹೋಳು ತೆಗೆದೆ. ಆಕೆ ಅದನ್ನು ಮುಟ್ಟಲಿಲ್ಲ.

"ಜೋಳಗಿಗೆ ನಾವು ಹಾಕಬೇಕ್ರಿ. ಜೋಳಗಿಯಾಗಿಂದು ತೆಗೆದು ನೀವೇ ಉಂಡ್ರ ನಾ ಏನ್ ನೀಡಿದಂಗಾತು?"

ಮಾತು ಖರೆಯೇ. ಯಾರೂ ಅಲ್ಲ, ನಾನೇ ಹಾಗೆ ಹೇಳಿಕೊಟ್ಟಿದ್ದೆ. ಆಕೆಯ ತುಟಿ ಒಣಗಿ ಬಿರುಕು ಬಿಟ್ಟಿತ್ತು, ಹೊತ್ತು ನೆತ್ತಿಗೆ ಬಂದಿತ್ತು. ತಟ್ಟೆ ಎಳೆದುಕೊಂಡು ಇಟ್ಟದ್ದನ್ನೆಲ್ಲ ತಿಂದೆ. ಆಚೆ ಓಡಿಹೋಗಲು ಬಾಗಿಲು ಎದುರಿಗೇ ಇತ್ತು, ಏಳಲು ನನಗೆ ಆಗಲಿಲ್ಲ.

ನಾಲ್ಕನೆಯ ಸೋಮವಾರ ಹೋಗಬೇಡಿ ಎಂದು ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. ಹೋಗದಿದ್ದರೆ ಆ ಮುದುಕಿ ಸಂಜೆಯ ತನಕ ನೀರಿಲ್ಲದೆ ಕೂರುತ್ತಾಳೆ, ಏನಾದರೂ ಆದರೆ ಪಾಪ ಯಾರಿಗೆ ಎಂದು ಕೂಗಾಡಿ, ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಹೊರಟೆ. ಈ ಸಲ ಎಲ್ಲ ಹೇಳಿಬಿಡಬೇಕೆಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಹೇಳಿದೆ ಕೂಡ. ಮಣೆಯ ಮೇಲೆ ಕೂತು, ಪಟ್ಟಿ ಕಟ್ಟಿದ ಕಾಲು ತೋರಿಸಿ ಹೇಳಿದೆ.

"ಅವ್ವಾ, ಆ ದಿನ ಮುಳ್ಳು ನಟ್ಟಾಗ ನನಗ ಗೊತ್ತಾಗಲಿಲ್ಲ. ಅದು ತಪಸ್ಸಲ್ಲ. ಶುಗರ್‌ನಿಂದ ಕಾಲು ಸತ್ತಂಗಾಗ್ಯಾದ. ಈ ಹಣ್ಣು ಉಂಡ್ರ ಅದು ಇನ್ನೂ ಏರತದ, ಬೆರಳು ಹೋಗತದ."

ಆಕೆ ನಕ್ಕಳು. ಬೊಚ್ಚು ಬಾಯಿ ತುಂಬ, ಮಗುವಿನ ಮಾತು ಕೇಳಿದವಳಂತೆ ನಕ್ಕಳು.

"ದೊಡ್ಡವರು ತಮ್ಮ ದೊಡ್ಡತನ ತಾವು ಹೇಳ್ಕೊಳ್ಳಂಗಿಲ್ರಿ. ನಿಮ್ಮ ಅಪ್ಪಾರೂ ಹಿಂಗೇ, ನನ್ನಾಗ ಏನಿಲ್ಲವ್ವಾ ಅಂತಿದ್ರು. ಇಂಥಾ ಕಾಲು ತಗೊಂಡು ಈ ಮೆಟ್ಟಲಾ ಹತ್ತಿ ನಮ್ಮ ಮನಿಗೆ ಬಂದೀರಲ್ಲ, ಇದಕ್ಕಿಂತ ದೊಡ್ಡದೇನ್ರಿ?" ಎಂದು ಪಟ್ಟಿಯ ಮೇಲೆಯೇ ಹಣೆ ಇಟ್ಟಳು.

ನನಗೆ ಕಿರುಚಬೇಕೆನಿಸಿತು. ಖರೆ ಹೇಳಿದರೂ ಬಿಡುಗಡೆಯಿಲ್ಲವೆಂದರೆ ಮನುಷ್ಯ ಎಲ್ಲಿಗೆ ಹೋಗಬೇಕು? ಹೊಳೆ ಹರಿದಂತೆ ಬೆವರುತ್ತ ಬಾಳೆಹಣ್ಣು ಸುಲಿದೆ, ತಿಂದೆ. ಅದು ಮುಗಿದ ಮೇಲೆಯೇ ಆಕೆ ನೀರಿನ ತಂಬಿಗೆ ಎತ್ತಿದಳು.

ಶ್ರಾವಣ ಕಳೆದು ಕೆಲವೇ ದಿನಕ್ಕೆ ಬೆರಳು ತೆಗೆದರು. ಡಾಕ್ಟರು ಬೈಯಲಿಲ್ಲ. ಪಾದವನ್ನಾದರೂ ಉಳಿಸಿಕೊಳ್ಳೋಣ ಎಂದರು, ಅಷ್ಟೇ. ಎರಡು ತಿಂಗಳು ಮನೆಯ ಮಂಚದ ಮೇಲೆ ಬಿದ್ದಿದ್ದೆ. ಇನ್ನು ನೋಡಲು ಬರುವವರು! ರೋಗಿಯ ಮನೆಗೆ ಬರಿಗೈಯಲ್ಲಿ ಹೋಗಬಾರದಲ್ಲ, ಎಲ್ಲರ ಕೈಯಲ್ಲೂ ಹಣ್ಣಿನ ಚೀಲ. ಸೇಬು, ಮೋಸಂಬಿ, ಮತ್ತೆ ಅದೇ ಬಾಳೆಹಣ್ಣು. ಕೋಣೆಯೆಲ್ಲ ಕಳಿತ ಹಣ್ಣಿನ ವಾಸನೆ. ಹೆಂಡತಿ ಚೀಲ ಇಸಿದುಕೊಂಡು ಹಿಂಬಾಗಿಲಿನಿಂದ ಓಣಿಯ ಮಕ್ಕಳಿಗೆ ಹಂಚಿಬಿಡುತ್ತಿದ್ದಳು. ನನಗೆ ದಿನಕ್ಕೆ ಅರ್ಧ ಪೇರಲ, ಇಲ್ಲದಿದ್ದರೆ ಪಪ್ಪಾಯಿಯ ನಾಲ್ಕು ಹೋಳು. ಬಟ್ಟಲಿಗೆ ಹಾಕಿ ಕೊಟ್ಟು, ತಿಂದು ಮುಗಿಸುವವರೆಗೆ ಎದುರಿಗೇ ಕೂರುತ್ತಿದ್ದಳು. ಮೊದಲ ಸಲ ನನ್ನ ಸಕ್ಕರೆ ಇಳಿಯಿತು. ಯಾರ ಮನೆಗೂ ಹೋಗದಿದ್ದರೆ ನಾನು ಬದುಕುತ್ತೇನೆ ಎಂದು ಆಗ ಗೊತ್ತಾಯಿತು. ಆದರೆ ಮನೆಗಳಿಗೆ ಹೋಗದೆ ನಾನು ಏನು ಮಾಡಲಿ, ನನಗೆ ಬೇರೆ ಯಾವ ಕೆಲಸವೂ ಬರುವುದಿಲ್ಲ.

ಕಾರ್ತಿಕದಲ್ಲಿ ಕರೆ ಬಂತು. ಸೋಮವಾರ ಸುರಪುರದಲ್ಲಿ ಮೂರು ಮನೆ. ಮುದುಕಿಯ ಮನೆಗೆ ಮೊದಲು ಹೋದೆ. ಮೆಟ್ಟಿಲು ಹತ್ತುವಾಗ ಉಳಿದ ಎರಡು ಮನೆಗಳೂ ನನಗಾಗಿ ಹಸಿದು ಕೂತಿರುವುದು ತಲೆಯಲ್ಲಿ ಸುತ್ತುತ್ತಿತ್ತು. ಈ ಪಾದವೂ ಹೋಗುತ್ತದೆ ಎಂದು ಆ ಓಣಿಯಲ್ಲಿ ನನಗೆ ಖಾತ್ರಿಯಾಗಿತ್ತು.

ಆಕೆ ಪರಾತ ತಂದಳು. ಬೆರಳು ತೆಗೆದದ್ದನ್ನು ಯಾರೂ ಆಕೆಗೆ ಹೇಳಿರಲಿಲ್ಲ. ಈಚೆಗೆ ಆಕೆಯ ಕಣ್ಣು ಮಂಜಾಗಿತ್ತು, ಕೈಯಿಂದಲೇ ನೋಡುತ್ತಿದ್ದಳು. ಬಲಗಾಲಿಗೆ ನೀರು ಹಾಕಿ ಹೆಬ್ಬೆರಳು ತಿಕ್ಕಿದಳು. ಕೈ ಪಕ್ಕಕ್ಕೆ ಸರಿಯಿತು. ಅಲ್ಲಿ ಬೆರಳಿರಲಿಲ್ಲ. ಮತ್ತೆ ತಡವಿದಳು. ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಶ್ರಾವಣದಾಗ ನೀವು ಅಂದದ್ದು ಖರೇನಾ?"

"ಖರೇ ಅವ್ವಾ."

"ಮುಳ್ಳು ನಟ್ಟದ್ದು ಗೊತ್ತೇ ಆಗಿದ್ದಿಲ್ಲ?"

"ಇಲ್ಲ."

"ಮತ್ತ ಅವತ್ತ ನಾ ಕೈ ಮುಗದಾಗ ಯಾಕ ಸುಮ್ನ ಕುಂತ್ರಿ?"

"ಚಲೋ ಅನಿಸ್ತವ್ವಾ" ಎಂದೆ. ಅದೊಂದೇ ಖರೆ ಉಳಿದಿತ್ತು.

ಆಕೆ ಸಿಟ್ಟಾಗಲಿಲ್ಲ. ಗೋಡೆ ಹಿಡಿದು ಎದ್ದು ಒಳಗೆ ಹೋದಳು. ತಟ್ಟೆ ಹಿಡಿದು ಬಂದಳು. ಎರಡು ಬಾಳೆಹಣ್ಣು, ಎರಡು ಚಿಕ್ಕು, ಎಂದಿನ ಹಾಗೆಯೇ. ಆದರೆ ತಟ್ಟೆಯನ್ನು ನನ್ನ ಮುಂದೆ ಇಡಲಿಲ್ಲ. ಎದುರಿಗೆ ನೆಲದ ಮೇಲೆ ಕುಳಿತು ತನ್ನ ಮುಂದೆ ಇಟ್ಟುಕೊಂಡಳು. ಒಂದು ಬಾಳೆಹಣ್ಣು ತೆಗೆದು ಸುಲಿಯತೊಡಗಿದಳು.

"ಅತ್ತೀ! ಸ್ವಾಮೇರು ಇನ್ನೂ ಉಂಡಿಲ್ರಿ!" ಎಂದು ಸೊಸೆ ಬಾಗಿಲಲ್ಲಿ ಚೀರಿದಳು.

ಮುದುಕಿ ಕೇಳಿಸಿಕೊಳ್ಳಲಿಲ್ಲ. ಹಣ್ಣನ್ನು ಬಾಯಿಗೆ ಇಟ್ಟುಕೊಂಡಳು. ಅಪ್ಪನ ಕಾಲದಿಂದ ಒಂದು ಸೋಮವಾರವೂ ನನಗಿಂತ ಮೊದಲು ನೀರು ಮುಟ್ಟದವಳು ನನ್ನೆದುರಿಗೆ ಕೂತು ವಸಡಿನಿಂದ ಮೆಲ್ಲಗೆ ಅಗಿದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಒಂದು ಹಣ್ಣು ಪೂರ್ತಿ ತಿಂದಳು, ತಂಬಿಗೆ ಎತ್ತಿ ಗಟಗಟ ನೀರು ಕುಡಿದಳು. ನಾನು ಮಣೆಯ ಮೇಲೆ ಒದ್ದೆ ಕಾಲು ಇಟ್ಟುಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ.

ಆಕೆ ಸೆರಗಿನಿಂದ ಮೊದಲು ತನ್ನ ಬಾಯಿ ಒರೆಸಿಕೊಂಡಳು, ಆಮೇಲೆ ಬಾಗಿ ನನ್ನ ಕಾಲು ಒರೆಸಿದಳು.

"ನಾ ಉಂಡೀನಿ" ಎಂದಳು. "ಇನ್ನ ನೀವು ಬ್ಯಾಡ ಅನ್ರಿ."